ಉರಿಯೋ ಫೈರ್‌ಪ್ಲೇಸ್ ಮೇಲಿನ ಗೋಡೆಗೆ ಟಿವಿ ಹಾಕಬಹುದಾ?

ಸೌದೆಒಟ್ಟು

ನಮಸ್ಕಾರ ಎಲ್ಲರಿಗೂ. ಹೊಸ ಟಿವಿ ಮನೆಗೆ ಬಂದು ಹನ್ನೆರಡು ದಿನ ಆಯ್ತು. ಇನ್ನೂ ಡಬ್ಬದೊಳಗೇ ಇದೆ. ಎಲ್ಲಿ ಹಾಕೋದು ಅಂತ ತೀರ್ಮಾನ ಆಗೋ ತನಕ ಡಬ್ಬ ಬಿಚ್ಚೋ ಹಾಗಿಲ್ಲ ಅಂತ ನಾನೇ ಹಟ ಹಿಡಿದಿದ್ದೀನಿ.

ನಮ್ಮ ಹಾಲ್‌ನಲ್ಲಿ ಕಟ್ಟಿಗೆ ಉರಿಸೋ ಫೈರ್‌ಪ್ಲೇಸ್ ಇದೆ. ಶೋಕಿಗೆ ಇಟ್ಟಿದ್ದಲ್ಲ. ಚಳಿ ಶುರುವಾಯ್ತು ಅಂದ್ರೆ ದಿನಾ ಸಂಜೆ ನಾಲ್ಕೈದು ಗಂಟೆ ಉರಿಯುತ್ತೆ. ಮುಂದೆ ಗಾಜಿನ ಬಾಗಿಲು ಗೀಗಿಲು ಇಲ್ಲ, ತೆರೆದ ಬೆಂಕಿ. ಅದರ ಮೇಲಿನ ಗೋಡೆ ಖಾಲಿ ಇದೆ, ಹಾಲ್‌ನ ನಟ್ಟನಡುವೆ. ನನ್ನ ತಮ್ಮನಿಗೆ ಆ ಜಾಗ ಬಿಟ್ಟು ಬೇರೇನೂ ಕಾಣ್ತಿಲ್ಲ. "ಎಲ್ಲಾ ಫೋಟೋದಲ್ಲೂ ಅಲ್ಲೇ ಇರುತ್ತಲ್ಲಕ್ಕ" ಅಂತಾನೆ. ಶಾಖದ ಕಥೆ ಏನೋ ಅಂದ್ರೆ, ಬೆಂಕಿ ಉರೀತಿರುವಾಗಲೇ ಗೋಡೆಗೆ ಅಂಗೈ ಒತ್ತಿ, "ನೋಡು, ಕೈ ತಡಕೊಳ್ಳುತ್ತೆ, ಟಿವಿ ತಡಕೊಳ್ಳಲ್ವಾ" ಅಂತ ನನಗೇ ಸವಾಲು ಹಾಕಿದ.

ಅಳತೆ ಕೊಡ್ತೀನಿ. ಬೆಂಕಿಯ ಬಾಯಿ ನೆಲದಿಂದ 74 ಸೆಂ.ಮೀ. ಎತ್ತರದ ತನಕ ಇದೆ. ಅದರ ಮೇಲೆ ಮರದ ಮ್ಯಾಂಟಲ್ ಹಲಗೆ, ಮೇಲ್ಮೈ ನೆಲದಿಂದ 122 ಸೆಂ.ಮೀ., ಗೋಡೆಯಿಂದ ಮುಂದಕ್ಕೆ ಚಾಚಿರೋದು 13 ಸೆಂ.ಮೀ. ಗೋಡೆ ಇಟ್ಟಿಗೆಯದು, ಮೇಲೆ ಗಾರೆ. ಟಿವಿ 55 ಇಂಚು, ಸ್ಟ್ಯಾಂಡ್ ಬಿಟ್ಟು 17 ಕೆ.ಜಿ., ಹಿಂದುಗಡೆ ಬ್ರಾಕೆಟ್ ಕಚ್ಚಿಸೋ ತೂತುಗಳು 300×300 ಮಿ.ಮೀ. ಸೋಫಾ ಗೋಡೆಯಿಂದ 2.4 ಮೀಟರ್ ದೂರದಲ್ಲಿದೆ. ಅಪ್ಪನ ಕುರ್ಚಿ ಇನ್ನೂ ಹತ್ತಿರ, ಅವರಿಗೆ ಕಾಲು ಬೆಚ್ಚಗಿರಬೇಕು.

ಡ್ರಿಲ್ ಹಿಡಿಯೋಕೆ ನನಗೆ ಬರುತ್ತೆ, ಮನೆಯ ಅಷ್ಟೂ ಶೆಲ್ಫ್ ನಾನೇ ಹಾಕಿದ್ದು. ಆದರೆ ಒಳಗೆ ಹೊಗೆ ಹೋಗೋ ಗೋಡೆಗೆ ಯಾವತ್ತೂ ತೂತು ಹೊಡೆದಿಲ್ಲ. ಶಾಖ ನಿಜವಾಗಲೂ ತೊಂದರೆ ಕೊಡುತ್ತಾ, ಇಲ್ಲಾ ಸುಮ್ಮನೆ ಹೆದರಿಸ್ತಾರಾ? ಮಾಡಿ ನೋಡಿದವರು ಹೇಳಿ.

ಗಾಜಿನಬಾಗಿಲು

ನಮ್ಮಲ್ಲಿ ಆರು ವರ್ಷದಿಂದ ಫೈರ್‌ಪ್ಲೇಸ್ ಮೇಲೇ ಇದೆ. ಒಂದು ದಿನಾನೂ ತಕರಾರು ಮಾಡಿಲ್ಲ. ನಿಮ್ಮ ತಮ್ಮ ಹೇಳೋದ್ರಲ್ಲಿ ತಪ್ಪೇನಿಲ್ಲ ಮೇಡಂ, ಹಾಕಿಬಿಡಿ. ಇಂಟರ್ನೆಟ್‌ನಲ್ಲಿ ಕೇಳಿದರೆ ಎಲ್ಲದಕ್ಕೂ ಬೇಡ ಅನ್ನೋರೇ ಜಾಸ್ತಿ.

ಸ್ಪ್ಯಾನರ್13

ಗಾಜಿನಬಾಗಿಲು ಸಾರ್, ನಿಮ್ಮ ಹೆಸರೇ ಉತ್ತರ ಹೇಳ್ತಿದೆ ಅನ್ಸುತ್ತೆ. ನಿಮ್ಮದು ಗ್ಯಾಸಿನದಾ? ಮುಂದೆ ಮುಚ್ಚಿದ ಗಾಜು ಇದೆಯಾ? ಹಾಗಿದ್ರೆ ಅದೇ ಬೇರೆ ಯಂತ್ರ. ಉರಿಯೋಕೆ ಬೇಕಾದ ಗಾಳಿ ಹೊರಗಿಂದ ಬರುತ್ತೆ, ಹೊಗೆ ಹೊರಗೇ ಹೋಗುತ್ತೆ, ಕೋಣೆಗೆ ಸಿಗೋದು ಗಾಜಿನ ಶಾಖ ಮತ್ತು ಜಾಲರಿಯಿಂದ ಬರೋ ಬಿಸಿಗಾಳಿ ಮಾತ್ರ. ಕೆಲವು ಮಾಡೆಲ್‌ಗಳಲ್ಲಿ ಆ ಬಿಸಿಗಾಳೀನೂ ಗೋಡೆಯೊಳಗಿನ ನಾಳದಲ್ಲಿ ಮೇಲಕ್ಕೊಯ್ದು ಸೀಲಿಂಗ್ ಹತ್ರ ಬಿಡ್ತಾರೆ, ನಡುವಿನ ಗೋಡೆ ತಣ್ಣಗಿರಲಿ ಅಂತಾನೇ. ಅಂಥದ್ದಕ್ಕೆ ಮ್ಯಾಂಟಲ್ ಎಷ್ಟು ಎತ್ತರದಲ್ಲಿರಬೇಕು, ಟಿವಿ ಎಲ್ಲಿರಬೇಕು ಅಂತ ಅದರ ಕೈಪಿಡಿಯಲ್ಲೇ ಚಿತ್ರ ಸಮೇತ ಇರುತ್ತೆ. ಅದನ್ನ ನೋಡಿ ಹಾಕಿದರೆ ಮುಗೀತು. ಮೇಡಂ ಮನೇಲಿರೋದು ಕಟ್ಟಿಗೆಯ ತೆರೆದ ಬೆಂಕಿ. ಒಂದಿನ ಒಣ ಕಟ್ಟಿಗೆ ಹಾಕ್ತಾರೆ, ಒಂದಿನ ಹಸಿ, ಹಬ್ಬದ ದಿನ ನೆಂಟರು ಬಂದ್ರೆ ಇನ್ನೆರಡು ದಿಮ್ಮಿ ಜಾಸ್ತಿ. ಅದಕ್ಕೆ ಯಾರೂ ಕೈಪಿಡಿ ಬರೆದಿಲ್ಲ.

ಮೇಡಂ, ನಾನು ಟಿವಿ ಹಾಕೋ ಕೆಲಸದಲ್ಲೇ ಇರೋನು, ಹನ್ನೊಂದು ವರ್ಷ ಆಯ್ತು. ಅಂಗೈ ಪರೀಕ್ಷೆ ಮಾಡಿ ತೋರಿಸದ ಗಿರಾಕಿ ನನಗೆ ಸಿಕ್ಕಿಲ್ಲ. 50 ಡಿಗ್ರಿ ಕಾದ ಗೋಡೆ ಮೇಲೂ ನಾಲ್ಕೈದು ಸೆಕೆಂಡ್ ಕೈ ಇಡಬಹುದು. ಟಿವಿ ಜತೆ ಬಂದಿರೋ ಪುಸ್ತಕ ತೆಗೆದು ಕೊನೆಯ ಪುಟಗಳಲ್ಲಿ ನೋಡಿ, ಎಷ್ಟು ಉಷ್ಣಾಂಶದ ತನಕ ಬಳಸಬಹುದು ಅಂತ ಒಂದು ಸಾಲು ಇರುತ್ತೆ. ಹೆಚ್ಚಿನವಲ್ಲಿ 40 ಡಿಗ್ರಿ ಸೆಲ್ಸಿಯಸ್ ಅಂತ ಇರುತ್ತೆ. ಅದು ಟಿವಿ ಸುತ್ತಲಿನ ಗಾಳಿಯ ಲೆಕ್ಕ. ಟಿವಿ ತಾನೂ ನೂರು ವ್ಯಾಟ್ ಆಸುಪಾಸು ಶಾಖ ಬಿಡ್ತಿರುತ್ತೆ, ಹಾಗಾಗಿ ಒಳಗಡೆ ಅದಕ್ಕಿಂತ ಬಿಸಿ. ಒಳಗಿನ ಬೋರ್ಡಲ್ಲಿರೋ, ವಿದ್ಯುತ್ ಹಿಡಿದಿಡೋ ಕೆಪಾಸಿಟರ್‌ಗಳ ವಿಚಾರದಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸದವರು ಒಂದು ಅಂದಾಜು ಹೇಳ್ತಾರೆ: ಪ್ರತಿ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ. ಅಂದ್ರೆ ಟಿವಿ ಧಗ್ಗಂತ ಸುಟ್ಟುಹೋಗಲ್ಲ. ಹತ್ತು ವರ್ಷ ಬಾಳೋದು ನಾಲ್ಕು ವರ್ಷಕ್ಕೆ ಮುಗಿಯುತ್ತೆ, ನೀವು ಕಂಪನಿಯವರನ್ನ ಬೈತೀರಿ. ಓಎಲ್‌ಇಡಿ ಆದ್ರೆ ಇನ್ನೂ ನಾಜೂಕು, ಅದರ ಪರದೆಯ ವಸ್ತುವೇ ಶಾಖಕ್ಕೆ ಬೇಗ ಸವೆಯುತ್ತೆ.

ಹಾಗಂತ ನಾನು ಬೇಡ ಅಂತಿಲ್ಲ. ಅಳೆದು ನೋಡಿ ಅಂತೀನಿ. ಉದ್ದ ವೈರಿನ ತುದಿಗೆ ಸೆನ್ಸರ್ ಇರೋ ಡಿಜಿಟಲ್ ಥರ್ಮಾಮೀಟರ್ ಎರಡು ತಗೊಳ್ಳಿ. ಟಿವಿಯ ಕೆಳ ಅಂಚು ಎಲ್ಲಿ ಬರುತ್ತೋ ಅಲ್ಲೊಂದು, ಮೇಲಿನ ಅಂಚು ಬರೋ ಕಡೆ ಇನ್ನೊಂದು. ಗೋಡೆಗೆ ಅಂಟಿಸಬೇಡಿ, ಐದು ಸೆಂ.ಮೀ. ಮುಂದೆ ನಿಲ್ಲೋ ಹಾಗೆ ಕಡ್ಡಿಗೆ ಕಟ್ಟಿ. ಜ್ವಾಲೆ ನೇರ ಕಾಣೋ ಜಾಗದಲ್ಲಿ ಸೆನ್ಸರ್ ಇದ್ರೆ ಸುಳ್ಳು ಓದುತ್ತೆ, ಹಲಗೆ ಮರೆಯಲ್ಲಿರಲಿ. ಆಮೇಲೆ ದಿನಾ ಹೇಗೆ ಉರಿಸ್ತೀರೋ ಹಾಗೇ ಉರಿಸಿ. ಪರೀಕ್ಷೆ ಅಂತ ನಾಲ್ಕು ಚಕ್ಕೆ ಹಾಕಿ ಪಾಸ್ ಮಾಡಿಸಬೇಡಿ, ತಮ್ಮಂದಿರು ಹಾಗೆ ಮಾಡ್ತಾರೆ. ಅರ್ಧ ಗಂಟೆಗೊಮ್ಮೆ ಬರೆದಿಡಿ. ಬೆಂಕಿ ಆರಿದ ಮೇಲೂ ಒಂದು ಗಂಟೆ ಬರೀರಿ, ಯಾಕಂದ್ರೆ ಇಟ್ಟಿಗೆ ತಡವಾಗಿ ಕಾಯುತ್ತೆ, ತಡವಾಗಿ ಬಿಡುತ್ತೆ. ಟಿವಿ ಇಲ್ಲದೆ ಅಳೆದಾಗ ಗಾಳಿ 35 ದಾಟಿದರೆ ನಾನು ಹಾಕಲ್ಲ. ಇದು ನನ್ನ ಲೆಕ್ಕ, ಪುಸ್ತಕದ್ದಲ್ಲ.

ಮಸಿಬಟ್ಟೆ

ಅಕ್ಕಾ, ನಾನು ಹಾಕಿ, ತೆಗೆದೋಳು. ನಮ್ಮದೂ ನಿಮ್ಮ ಥರದ್ದೇ, ಕಟ್ಟಿಗೆ, ತೆರೆದ ಬಾಯಿ.

ಎಲ್ಲರೂ ಶಾಖ ಶಾಖ ಅಂತಾರೆ, ಮಸಿ ಬಗ್ಗೆ ಯಾರೂ ಹೇಳಲ್ಲ. ಚಿಮಣಿ ತಣ್ಣಗಿರುವಾಗ ಬೆಂಕಿ ಹಚ್ಚಿದರೆ ಮೊದಲ ಒಂದೆರಡು ನಿಮಿಷ ಹೊಗೆ ಮೇಲೆ ಹೋಗೋ ಬದಲು ಬುಸ್ಸಂತ ಕೋಣೆಗೆ ಬರುತ್ತಲ್ಲ, ಅದು ಎಲ್ಲಿಗೆ ಹೋಗುತ್ತೆ ಹೇಳಿ? ಹಲಗೆಯ ಅಂಚು ಬಳಸಿಕೊಂಡು ಸೀದಾ ಟಿವಿ ಹಿಂದಕ್ಕೆ. ಟಿವಿಯ ಬೆನ್ನಲ್ಲಿ ಗಾಳಿಯಾಡೋ ಸೀಳುಗಳಿರುತ್ತವೆ, ಕೆಳಗಿಂದ ಎಳಕೊಂಡು ಮೇಲಿಂದ ಬಿಡುತ್ತೆ. ಅದೂ ಒಂದು ಪುಟ್ಟ ಚಿಮಣಿಯೇ. ಎರಡು ಚಳಿಗಾಲ ಕಳೆದ ಮೇಲೆ ಗೋಡೆ ಬಣ್ಣ ಬಳಿಸೋಣ ಅಂತ ಟಿವಿ ಇಳಿಸಿದ್ವಿ. ಗೋಡೆ ಮೇಲೆ ಟಿವಿಯದೇ ಆಕಾರದ ಬಿಳಿ ಚೌಕ, ಅದರ ನೆತ್ತಿಯ ಮೇಲೆ ಸೀಳಿಗೊಂದರಂತೆ ಕಪ್ಪು ಗೆರೆ. ಬಾಚಣಿಗೆಯಲ್ಲಿ ಎಳೆದ ಹಾಗೆ ಸಾಲಾಗಿ. ಬಿಳಿ ಬಟ್ಟೆಯಲ್ಲಿ ಟಿವಿ ಬೆನ್ನು ಒರೆಸಿದೆ, ಬಟ್ಟೆ ಕಾಡಿಗೆ ಡಬ್ಬ ಒರೆಸಿದ ಹಾಗಾಯ್ತು. ಆ ಬಟ್ಟೆ ಹೆಸರಲ್ಲೇ ಇಲ್ಲಿ ಅಕೌಂಟ್ ತೆಗೆದೆ!

ಮೂರನೇ ಚಳಿಗಾಲದಲ್ಲಿ ಪರದೆ ಮೇಲೆ ಬಿಳಿ ಚುಕ್ಕೆ ಬರೋಕೆ ಶುರು. ಮೊದಲು ಕೆಳಗಡೆ ಒಂದು, ಆಮೇಲೆ ಅದರ ಪಕ್ಕ ಎರಡು, ಟಾರ್ಚ್ ಬಿಟ್ಟ ಹಾಗೆ ದುಂಡಗೆ. ರಿಪೇರಿಯವರು ಬಿಚ್ಚುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಪರದೆ ಹಿಂದೆ ಸಾಲು ಸಾಲು ಎಲ್‌ಇಡಿ ಇರುತ್ತವಂತೆ, ಒಂದೊಂದರ ಮೇಲೂ ಬೆಳಕು ಹರಡೋಕೆ ಅಂತ ಪುಟ್ಟದೊಂದು ಪ್ಲಾಸ್ಟಿಕ್ ಲೆನ್ಸ್ ಅಂಟಿಸಿರ್ತಾರೆ. ಶಾಖಕ್ಕೆ ಅಂಟು ಬಿಟ್ಟು ಲೆನ್ಸ್ ಉದುರಿದರೆ ಅಲ್ಲಿ ಬೆಳಕು ಹರಡದೆ ಚುಕ್ಕೆಯಾಗಿ ಕಾಣುತ್ತೆ. ಅವರು ಟಿವೀನ ಸ್ವಲ್ಪ ವಾಲಿಸಿದರು, ಒಳಗಡೆ ಕಿಣಿಕಿಣಿ ಅಂತು. ಒಂಬತ್ತು ಲೆನ್ಸ್ ತಳದಲ್ಲಿ ಬಿದ್ದಿದ್ದವು, ಅಂಗಿ ಗುಂಡಿ ಥರ. ಲೆನ್ಸ್ ಬೇರೆ ಕಡೆ ಇಟ್ಟ ಟಿವಿಯಲ್ಲೂ ಉದುರುತ್ತಂತೆ, ಶಾಖದಲ್ಲಿದ್ದರೆ ಬೇಗ ಅಂದರು.

ಗೋಡೆಗೆ ಹಾಕಿಕೊಟ್ಟವರನ್ನ ಕೇಳಿದ್ದಕ್ಕೆ "ನೀವು ಹೇಳಿದ ಕಡೆ ಹಾಕಿದ್ವಿ" ಅಂದ್ರು. ಅದೂ ನಿಜವೇ ಬಿಡಿ.

ಗಾಜಿನಬಾಗಿಲು

ಸ್ಪ್ಯಾನರ್ ಅವರೇ, ಹೌದು, ಗ್ಯಾಸಿನದೇ, ಮುಚ್ಚಿದ ಗಾಜು. ಈಗ ಎದ್ದು ನೋಡ್ಕೊಂಡು ಬಂದೆ, ಸೀಲಿಂಗ್ ಹತ್ರ ಉದ್ದಕ್ಕೆ ಒಂದು ಸೀಳು ಇದೆ, ಬಿಸಿಗಾಳಿ ಬರ್ತಿದೆ. ಆರು ವರ್ಷದಿಂದ ಅದನ್ನ ಡಿಸೈನ್ ಅಂದ್ಕೊಂಡಿದ್ದೆ. ಮೇಡಂ, ನನ್ನ ಮೊದಲ ಮಾತು ವಾಪಸ್.

ಸೌದೆಒಟ್ಟು

ಎಲ್ಲರಿಗೂ ಥ್ಯಾಂಕ್ಸ್. ಮಸಿಬಟ್ಟೆ, ಬಾಚಣಿಗೆ ಗೆರೆ ಓದಿ ಹೋಗಿ ನಮ್ಮ ಹಲಗೆ ಕೆಳಗೆ ಬೆರಳಾಡಿಸಿ ನೋಡಿದೆ. ಬೆರಳು ಕಪ್ಪಾಯ್ತು. ತಮ್ಮನ ಬಿಳಿ ಶರ್ಟಿಗೆ ಒರೆಸಿದೆ.

ನಿನ್ನೆ ಅಳೆದೆ. ಕೋಣೆ 20 ಡಿಗ್ರಿ ಇತ್ತು. ಆರೂವರೆಗೆ ಬೆಂಕಿ ಹಚ್ಚಿದ್ದು. ಟಿವಿಯ ಕೆಳ ಅಂಚು ಬರೋ ಕಡೆ, ಅಂದ್ರೆ ಹಲಗೆಯಿಂದ 15 ಸೆಂ.ಮೀ. ಮೇಲೆ, ಏಳು ಗಂಟೆಗೆ 27 ಇತ್ತು. ತಮ್ಮ ಕಾಲರ್ ಎತ್ತಿಕೊಂಡು ಓಡಾಡಿದ. ಎಂಟಕ್ಕೆ 38. ಒಂಬತ್ತಕ್ಕೆ 46. ಅಪ್ಪ ಎಂದಿನಂತೆ "ಇನ್ನೊಂದು ಹಾಕಮ್ಮ" ಅಂದ್ರು, ಎರಡು ದಪ್ಪ ದಿಮ್ಮಿ ಹಾಕಿದೆ, ಒಂಬತ್ತು ನಲವತ್ತಕ್ಕೆ 49. ಮೇಲಿನ ಸೆನ್ಸರ್ ಆಗ 41 ತೋರಿಸ್ತಿತ್ತು. ಹತ್ತೂವರೆಗೆ ಬರೀ ಕೆಂಡ ಉಳಿದಿತ್ತು. ಹನ್ನೊಂದೂಕಾಲಕ್ಕೆ ಗಾಳಿ 37ಕ್ಕೆ ಇಳಿದಿದ್ರೂ ಗೋಡೆ ಇನ್ನೂ ಸುಡ್ತಿತ್ತು. ಅಡುಗೆಮನೆಯ ಇನ್‌ಫ್ರಾರೆಡ್ ಗನ್ ಹಿಡಿದರೆ 51. ಅಂದ್ರೆ ಎಲ್ಲರೂ ಮಲಗಿದ ಮೇಲೆ, ಟಿವಿ ಆಫ್ ಆಗಿರುವಾಗ, ಅದರ ಬೆನ್ನಿಗೆ ಕಾದ ಇಟ್ಟಿಗೆ ಅಂಟಿಕೊಂಡಿರುತ್ತೆ. ಇದು ನನಗೆ ಹೊಳೆದೇ ಇರಲಿಲ್ಲ.

ಅಂಗೈ ಇಟ್ಟೆ. ತಡಕೊಳ್ಳುತ್ತೆ! ಅದೇ ಮಜಾ.

ಅಲ್ಲಿಗೆ ಮುಗೀತು ಅಂದ್ಕೊಂಡೆ. ತಮ್ಮ ಬಿಡಬೇಕಲ್ಲ. ಹಲಗೆ ಅಗಲ ಮಾಡಿದರೆ ಬಿಸಿಗಾಳಿ ಮುಂದಕ್ಕೆ ಹೋಗುತ್ತೆ, ಹೆಚ್ಚಿಗೆ ಚಾಚೋ ಹಾಗೆ ಒಂದು ಸಿಮೆಂಟ್ ಶೀಟ್ ಇಟ್ಟು ನೋಡೋಣ ಅಂತಾನೆ. ಸ್ಪ್ಯಾನರ್ ಅವರೇ, ಇದರಲ್ಲಿ ಅರ್ಥ ಇದೆಯಾ?

ಸ್ಪ್ಯಾನರ್13

ತಮ್ಮನ ತಲೆ ಓಡುತ್ತೆ. ಅರ್ಥ ಇದೆ. ಬಿಸಿಗಾಳಿ ಗೋಡೆಗೆ ಅಂಟಿಕೊಂಡೇ ಮೇಲೇರೋದು. 13 ಸೆಂ.ಮೀ. ಹಲಗೆ ದಾಟಿ ಮತ್ತೆ ಒಳಕ್ಕೆ ಬಾಗಿ ಗೋಡೆ ಸೇರಿಕೊಳ್ಳುತ್ತೆ. ಹಲಗೆ ಹೆಚ್ಚು ಚಾಚಿದಷ್ಟೂ ಅದು ದೂರದಿಂದ ಏರುತ್ತೆ. ನೋಡಬೇಕು ಅಂದ್ರೆ ಟಿಶ್ಯೂ ಪೇಪರಿನ ಸಣ್ಣ ಪಟ್ಟಿ ಉದ್ದ ಕಡ್ಡಿ ತುದಿಗೆ ಕಟ್ಟಿ ಹಲಗೆಯ ಮೇಲ್ಗಡೆ, ಅಂಚಿನ ಹತ್ರ ಹಿಡೀರಿ. ಎತ್ತ ಬಾಗುತ್ತೋ ಅತ್ತ ಗಾಳಿ. ಜ್ವಾಲೆ ಹತ್ರ ತಗೊಂಡು ಹೋಗಬೇಡಿ ಅಂತ ಹೇಳಬೇಕಿಲ್ಲ, ಆದ್ರೂ ಹೇಳಿದೆ.

ಸಿಮೆಂಟ್ ಶೀಟೇ ಇಡಿ, ಪರೀಕ್ಷೆಗೆ ಅಂತ ಮರದ ಹಲಗೆ ಇಡಬೇಡಿ. ಉರಿಯೋ ವಸ್ತು ಬೆಂಕಿಯ ಬಾಯಿಯ ಮೇಲೆ ಎಷ್ಟು ಚಾಚಬಹುದು ಅನ್ನೋದಕ್ಕೆ ಕಟ್ಟಡದ ನಿಯಮಗಳಿವೆ. ಬಾಯಿಗೆ ಹತ್ತಿರ ಇದ್ದಷ್ಟೂ ಕಮ್ಮಿ ಚಾಚಬೇಕು ಅನ್ನೋದು ಅದರ ಸಾರ. ನಿಮ್ಮ ಹಲಗೆ ಬಾಯಿಂದ ನಲವತ್ತು ಸೆಂ.ಮೀ. ಮೇಲಿದೆ, ಪರವಾಗಿಲ್ಲ. ಆದರೂ ಕಾಯಂ ಆಗಿ ಅಗಲ ಮಾಡಿಸೋ ಮುಂಚೆ ನಿಮ್ಮ ಕಡೆಯ ನಿಯಮ ಕೇಳಿ.

ಇನ್‌ಫ್ರಾರೆಡ್ ಗನ್ ಬಗ್ಗೆ ಒಂದು ಮಾತು. ಗಾರೆ ಮೇಲೆ ಸರಿ ಓದುತ್ತೆ. ಹೊಳೆಯೋ ಲೋಹದ ಮೇಲೆ ತಪ್ಪು ಓದುತ್ತೆ, ಅಂಥ ಕಡೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದಕ್ಕೆ ಗುರಿ ಇಡಿ.

ಶೀಟ್ ಇಟ್ಟು ಅಳೆಯೋದು ಅಳೀರಿ. ಜತೆಗೆ ಇನ್ನೊಂದು ಪರೀಕ್ಷೆ, ಬೆಂಕಿ ಹಚ್ಚದ ದಿನ ಮಾಡಿ. ಟಿವಿ ಡಬ್ಬದ ರಟ್ಟಿನಲ್ಲಿ 122×68 ಸೆಂ.ಮೀ. ಚೌಕ ಕತ್ತರಿಸಿ ಆ ಗೋಡೆಗೆ ಅಂಟಿಸಿ, ಎಲ್ಲರೂ ಒಂದೊಂದು ಗಂಟೆ ಅದನ್ನ ನೋಡ್ಕೊಂಡು ಕೂತ್ಕೊಳ್ಳಿ. ಲೆಕ್ಕ ಹೇಳ್ತೀನಿ. ಟಿವಿ ಕೆಳ ಅಂಚು 137, ಎತ್ತರ 68, ಹಾಗಾದ್ರೆ ನಡು ಭಾಗ ನೆಲದಿಂದ 171 ಸೆಂ.ಮೀ. ಕೂತವರ ಕಣ್ಣು ಸುಮಾರು 105ರಲ್ಲಿ. ಸೋಫಾದಿಂದ 15 ಡಿಗ್ರಿ ಮೇಲೆ ನೋಡಬೇಕು. ಹೋಮ್ ಥಿಯೇಟರ್ ಮಾಡೋರು ಅದಕ್ಕಿಂತ ಮೇಲೆ ಹೋಗಬೇಡಿ ಅಂತಾರೆ, ನೀವು ಗಡಿಯಲ್ಲೇ ಇದ್ದೀರಿ. ಅಪ್ಪನ ಕುರ್ಚಿ ಎಷ್ಟು ದೂರ?

ಸೌದೆಒಟ್ಟು

1.7 ಮೀಟರ್.

ಸ್ಪ್ಯಾನರ್13

ಹಾಗಿದ್ರೆ ಅವರಿಗೆ 21 ಡಿಗ್ರಿ. ಸಿನಿಮಾ ಹಾಲ್‌ನಲ್ಲಿ ಮೊದಲ ಸಾಲು.

ಮಸಿಬಟ್ಟೆ

ಕತ್ತಿನ ವಿಷ್ಯ ನಾನು ಮರೆತೇಬಿಟ್ಟಿದ್ದೆ. ಎರಡು ವರ್ಷ ಬಲಗಡೆ ಭುಜ ಹಿಡಿಯುತ್ತೆ ಅಂತ ದಿಂಬು ಬದಲಾಯಿಸ್ತಾ ಇದ್ದೆ. ನಾಲ್ಕು ದಿಂಬು. ಟಿವಿ ಇಳಿಸಿದ ಮೇಲೆ ಹೋಯ್ತು.

ಕೆಳಕ್ಕೆ ಎಳೆಯೋ ಸ್ಟ್ಯಾಂಡ್ ಬರುತ್ತಲ್ಲ, ಅದು ಹಾಕಿದ್ರೆ ಹೇಗೆ ಸ್ಪ್ಯಾನರ್ ಸಾರ್?

ಸ್ಪ್ಯಾನರ್13

ಒಳ್ಳೇ ಸಾಮಾನು, ಗ್ಯಾಸ್ ಸ್ಪ್ರಿಂಗ್ ಇರುತ್ತೆ, ಒಂದು ಕೈಯಲ್ಲಿ ಎಳೀಬಹುದು. ಆದರೆ ಕೆಳಗೆಳೆದಾಗ ಟಿವಿ ಬಂದು ನಿಲ್ಲೋದು ಸೀದಾ ಬೆಂಕಿ ಮುಂದೆ. ಅಂದ್ರೆ ಬೆಂಕಿ ಇಲ್ಲದಾಗ ಮಾತ್ರ ಎಳೀಬೇಕು. ಇವರ ಮನೇಲಿ ಟಿವಿ ನೋಡೋ ಹೊತ್ತೂ ಬೆಂಕಿ ಹಚ್ಚೋ ಹೊತ್ತೂ ಒಂದೇ. ಇನ್ನೊಂದು, ಟಿವಿ ಗೋಡೆಯಿಂದ ಅರ್ಧ ಮೀಟರ್ ಮುಂದೆ ಬಂದಾಗ ಮೇಲಿನ ಎರಡು ಬೋಲ್ಟ್ ಮೇಲೆ ಬೀಳೋ ಎಳೆತ 17 ಕೆ.ಜಿ. ಅಲ್ಲ, ಅದಕ್ಕಿಂತ ಜಾಸ್ತಿ ಆಗಬಹುದು. ಹಿಂದುಗಡೆ ಹೊಗೆ ನಾಳ ಇರೋ ಗೋಡೆಗೆ ಅದನ್ನ ಕಚ್ಚಿಸೋ ಧೈರ್ಯ ನನಗಿಲ್ಲ.

ತೂತಿನ ವಿಷ್ಯ ಮೇಡಂ ಮೊದಲೇ ಕೇಳಿದ್ರು, ನಾನು ಉತ್ತರ ಕೊಟ್ಟಿಲ್ಲ. ಇದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಮುಂದೆ ಓದೋ ಯಾರಿಗಾದ್ರೂ ಬೇಕಾಗುತ್ತೆ.

ಚಿಮಣಿ ಗೋಡೆ ಹೊರಗಿಂದ ದಪ್ಪ ಕಾಣುತ್ತೆ. ಒಳಗೆ ಎಷ್ಟೋ ಕಡೆ ಹೊಗೆಗೂ ನಿಮಗೂ ನಡುವೆ ಇರೋದು ಒಂದೇ ಇಟ್ಟಿಗೆ, ಅಡ್ಡಗಲಕ್ಕೆ, ಹತ್ತು ಸೆಂ.ಮೀ. ಆಸುಪಾಸು. ಹಳೇ ಮನೆ ಆದ್ರೆ ಒಳಗೆ ಲೈನರ್, ಅಂದ್ರೆ ಹೊಗೆ ಇಟ್ಟಿಗೆಗೆ ತಾಗದ ಹಾಗೆ ಹಾಕೋ ಕೊಳವೆ, ಇಲ್ಲದೆಯೂ ಇರಬಹುದು. ಡ್ರಿಲ್ ಬಿಟ್ಟಿಗೆ ಆರು ಸೆಂ.ಮೀ. ಅಳೆದು ಟೇಪ್ ಸುತ್ತಿ, ಟೇಪ್ ಗೋಡೆ ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಗಾರೆಯ ಸಂದಿಗೆ ಹೊಡೀಬೇಡಿ, ಇಟ್ಟಿಗೆಯ ಮೈಗೆ ಹೊಡೀರಿ. ಮೊದಲು ಹ್ಯಾಮರ್ ಇಲ್ಲದೆ ತಿರುಗಿಸಿ. ಮುಖ್ಯವಾಗಿ, ಬರ್ತಿರೋ ಪುಡಿ ನೋಡ್ತಾ ಇರಿ. ಮೊದಲು ಬೂದು ಅಥವಾ ಬಿಳಿ, ಅದು ಗಾರೆ. ಆಮೇಲೆ ಕೆಂಪು, ಅದು ಇಟ್ಟಿಗೆ. ಪುಡಿ ಕಪ್ಪಾಯ್ತು ಅಂದ್ರೆ ಕೈ ತೆಗೀರಿ, ನೀವು ಮಸಿ ಮುಟ್ಟಿದ್ದೀರಿ, ಅಂದ್ರೆ ಹೊಗೆ ನಾಳಕ್ಕೆ ತೂತು ಬಿದ್ದಿದೆ. ನನ್ನ ಕೈಯಲ್ಲೇ ಒಂದು ಸಲ ಆಗಿದೆ. ಆ ತೂತಿಂದ ಹೊಗೆ ಕಂಡರೆ ಪುಣ್ಯ. ಕಣ್ಣಿಗೆ ಕಾಣದ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಬಂದ್ರೆ ಮಲಗಿದವರಿಗೆ ಗೊತ್ತೇ ಆಗಲ್ಲ. ಶಾಖ ತಡೆಯೋ ಗಾರೆಯಲ್ಲಿ ಆ ತೂತು ಮುಚ್ಚಿಸಿ, ಚಿಮಣಿ ಕೆಲಸ ಗೊತ್ತಿರೋರು ನೋಡಿ ಸೈ ಅನ್ನೋ ತನಕ ಆ ಮನೇಲಿ ಬೆಂಕಿ ಹಚ್ಚೋಕೆ ನಾನು ಬಿಡಲಿಲ್ಲ. ಟಿವಿ ಇರಲಿ ಬಿಡಲಿ, ಕಟ್ಟಿಗೆ ಉರಿಸೋ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇರಲೇಬೇಕು.

ಬಿಸಿಯಾಗೋ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಬೇಡ, ಕಾದು ಕಾದು ಮೆತ್ತಗಾಗುತ್ತೆ. ಬೋಲ್ಟನ್ನ ಅಂಟಿನಿಂದ ಕೂರಿಸೋ ಕೆಮಿಕಲ್ ಆಂಕರ್ ಕೂಡ ಅದರ ಡಬ್ಬಿ ಮೇಲೆ ಎಷ್ಟು ಶಾಖಕ್ಕೆ ಅಂತ ನೋಡದೆ ಹಾಕಬೇಡಿ. ಉಕ್ಕಿನ ಸ್ಲೀವ್ ಆಂಕರ್, ಅಂದ್ರೆ ಬಿಗಿ ಮಾಡಿದಾಗ ತೂತಿನೊಳಗೆ ಹಿಗ್ಗಿ ಕಚ್ಚಿಕೊಳ್ಳೋ ಬೋಲ್ಟ್, ಸರಿ. ವೈರ್ ಅಂತೂ ಚಿಮಣಿ ಪಕ್ಕದ ಟೊಳ್ಳಿನಲ್ಲಿ ಇಳಿಬಿಡಲೇಬಾರದು. ಮಾಮೂಲಿ ಪಿವಿಸಿ ವೈರ್ ತಡಕೊಳ್ಳೋದು 70 ಡಿಗ್ರಿ ಅಷ್ಟೇ, ಆ ಟೊಳ್ಳಿನಲ್ಲಿ ಎಷ್ಟಿರುತ್ತೆ ಅಂತ ಯಾರೂ ಅಳೆದಿರಲ್ಲ. ಗೋಡೆಯ ಹೊರಮೈ ಮೇಲೆ, ಬೆಂಕಿ ಬಾಯಿಂದ ದೂರ, ಪಕ್ಕಕ್ಕೆ ಎಳೆದು ಇಳಿಸಿ. ಚೆನ್ನಾಗಿ ಕಾಣಲ್ಲ. ಕಾಣದಿದ್ರೆ ಬೇಡ.

ಗಾಜಿನಬಾಗಿಲು

ಪುಡಿಯ ಬಣ್ಣ ನೋಡೋದು ಕೇಳಿರಲಿಲ್ಲ. ಬರೆದಿಟ್ಕೊಂಡೆ. ಮ್ಯಾಂಟಲ್ ಮೇಲೆ ಸೌಂಡ್‌ಬಾರ್ ಇಡಬಹುದಾ? ಕಟ್ಟಿಗೆ ಇರೋರಿಗೆ ಕೇಳ್ತಿರೋದು.

ಸ್ಪ್ಯಾನರ್13

ಟಿವಿಗಿಂತ ಅದರ ಗತಿ ಕೆಟ್ಟದು. ಬಿಸಿಗಾಳಿ ಬಳಸಿ ಬರೋ ಅಂಚಲ್ಲೇ ಕೂತಿರುತ್ತೆ.

ಸೌದೆಒಟ್ಟು

ಹತ್ತು ದಿನ ಆದ ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಸಿಮೆಂಟ್ ಶೀಟ್ ಪರೀಕ್ಷೆ ಆಯ್ತು. ಹಲಗೆಯ ಮೇಲೆ ಇಟ್ಟು, ಹನ್ನೆರಡು ಸೆಂ.ಮೀ. ಹೆಚ್ಚಿಗೆ ಚಾಚೋ ಹಾಗೆ ಮಾಡಿದ್ವಿ. ಟಿಶ್ಯೂ ಪಟ್ಟಿ ಮೊದಲು ಅಂಚು ದಾಟಿದ ಕೂಡಲೇ ಗೋಡೆ ಕಡೆ ತಲೆಬಾಗ್ತಿತ್ತು, ಈಗ ನೆಟ್ಟಗೆ ಮೇಲಕ್ಕೆ ನಿಂತಿತು. ತಮ್ಮ ಅದರ ವಿಡಿಯೋ ಮಾಡಿಕೊಂಡಿದ್ದಾನೆ. 49 ಇದ್ದದ್ದು 38ಕ್ಕೆ ಬಂತು. ಹನ್ನೊಂದು ಡಿಗ್ರಿ, ಒಂದು ಶೀಟಿಗೆ! ಆದರೂ ಸ್ಪ್ಯಾನರ್ ಅವರ 35 ಒಳಗೆ ಬರಲಿಲ್ಲ, ಗೋಡೆ ಮಾತ್ರ ಮಲಗೋ ಹೊತ್ತಿಗೆ ಮತ್ತೆ 50 ಹತ್ರ. ಇಟ್ಟಿಗೆ ಒಳಗಿಂದ ಕಾಯೋದಕ್ಕೆ ಶೀಟ್ ಏನು ಮಾಡುತ್ತೆ.

ನಿಜ ಹೇಳ್ಬೇಕಂದ್ರೆ ತೀರ್ಮಾನ ಮಾಡಿದ್ದು ರಟ್ಟು. ಬೆಂಕಿ ಹಚ್ಚದ ದಿನ ಅಂಟಿಸಿ, ತಮ್ಮ ಅದರ ಮೇಲೆ ಸ್ಕೆಚ್ ಪೆನ್ನಲ್ಲಿ ಒಬ್ಬ ವಾರ್ತೆ ಓದೋನ ಚಿತ್ರ ಬರೆದ, ಟೈ ಸಮೇತ. ಎಲ್ಲರೂ ನಗ್ತಾ ಕೂತ್ವಿ. ಹತ್ತು ನಿಮಿಷಕ್ಕೆ ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕ್ಕೊಂಡರು, ಮತ್ತೆ ತೆಗೆದರು. ಏನಪ್ಪಾ ಅಂದ್ರೆ "ಮಸುಕು ಮಸುಕು" ಅಂದ್ರು. ಆಮೇಲೆ ನನಗೆ ಹೊಳೀತು. ಅವರ ಕನ್ನಡಕದಲ್ಲಿ ಮೇಲರ್ಧ ದೂರ ನೋಡೋಕೆ, ಕೆಳಗಿನದು ಓದೋಕೆ. ಕುರ್ಚಿಯಲ್ಲಿ ಹಿಂದಕ್ಕೊರಗಿ ತಲೆ ಎತ್ತಿದಾಗ ಟಿವಿ ಕಾಣೋದು ಓದೋ ಗಾಜಿನಿಂದ. ಗದ್ದ ಇಳಿಸಿ ಬರೀ ಕಣ್ಣು ಮೇಲೆತ್ತಿ ನೋಡಿ ಅಂದೆ, ನೋಡಿದರು, ಯಾರನ್ನೋ ಗದರಿಸೋ ಮುಖ ಆಯ್ತು. ಮೂರು ನಿಮಿಷಕ್ಕೆ ಕಣ್ಣು ನೋವು ಅಂದ್ರು. ತಮ್ಮ ಆಗ ಏನೂ ಮಾತಾಡಲಿಲ್ಲ. ಎದ್ದು ಹೋಗಿ ರಟ್ಟು ಕಿತ್ತುಕೊಂಡು ಚಿಮಣಿ ಪಕ್ಕದ ಗೂಡಿನಲ್ಲಿ ಇಟ್ಟು ನೋಡಿದ.

ಆ ಗೂಡು 110 ಸೆಂ.ಮೀ. ಅಗಲ, ಟಿವಿ 122. ಅದಕ್ಕೇ ಅಲ್ಲಿ ಆಗಲ್ಲ ಅಂತ ಮೊದಲೇ ಬಿಟ್ಟಿದ್ದು. ಚಾಚೋ ತೋಳಿನ ಬ್ರಾಕೆಟ್ ಹಾಕಿದರೆ ಟಿವಿ ಗೂಡಿನ ಮುಂದೆ ಬಂದು ನಿಲ್ಲುತ್ತೆ, ಒಳಗೆ ಹಿಡಿಸಬೇಕಾಗೇ ಇಲ್ಲ ಅಂತ ಇಬ್ಬರಿಗೂ ಒಟ್ಟಿಗೇ ಹೊಳೆದಿದ್ದು. ಗೂಡಿನ ಹಿಂದಿನ ಗೋಡೆಗೆ ಚಿಮಣಿ ಸಂಬಂಧ ಇಲ್ಲ, ಆ ಕಡೆ ಮಲಗೋ ಕೋಣೆ. ಆದ್ರೂ ಹೊಡೆಯುವಾಗ ಪುಡಿಯ ಬಣ್ಣ ನೋಡ್ತಾನೇ ಇದ್ದೆ, ಬಿಳಿ, ಕೆಂಪು, ಕೆಂಪು, ನಿಲ್ಸು. ನಾಲ್ಕು ಬೋಲ್ಟ್. ಟಿವಿಯ ನಡು ಭಾಗ ಈಗ 108 ಸೆಂ.ಮೀ. ಎತ್ತರದಲ್ಲಿದೆ. ಬೆಂಕಿ ಜೋರಾಗಿ ಉರಿಯುವಾಗ ಅಲ್ಲಿ ಅಳೆದೆ, 26. ಪಕ್ಕಕ್ಕೆ ಅಷ್ಟು ಸರಿದಿದ್ದಕ್ಕೆ ಇಷ್ಟು ಫರಕು.

ಸೋಫಾ ಸ್ವಲ್ಪ ಓರೆ ಮಾಡಬೇಕಾಯ್ತು. ಅಪ್ಪನ ಕುರ್ಚಿ ಕದಲಿಲ್ಲ, ಟಿವಿಯೇ ಅವರ ಕಡೆ ಮುಖ ತಿರುಗಿಸುತ್ತೆ. ಅವರು ಮಲಗೋಕೆ ಎದ್ದ ಮೇಲೆ ನಾವು ನಮ್ಮ ಕಡೆ ಎಳಕೊಳ್ತೀವಿ.

ಸ್ಪ್ಯಾನರ್ ಅವರೇ, ಒಂದು ಉಳಿದಿದೆ. ತೋಳು ಪೂರ್ತಿ ಚಾಚಿದಾಗ ಟಿವಿಯ ಬಲ ಮೂಲೆ ಒಂದು ಸೆಂಟಿಮೀಟರ್ ಕೆಳಗೆ ವಾಲುತ್ತೆ. ಬೋಲ್ಟ್ ಸಡಿಲಾ?

ಸ್ಪ್ಯಾನರ್13

ಬೋಲ್ಟ್ ಸಡಿಲ ಆಗಿದ್ರೆ ಗೋಡೆ ಹತ್ರ ತಟ್ಟೆ ಅಲುಗಾಡುತ್ತೆ. ತಟ್ಟೆ ಮೇಲೆ ಬೆರಳಿಟ್ಟು ಟಿವಿ ಅಲ್ಲಾಡಿಸಿ ನೋಡಿ. ಅಲುಗದಿದ್ರೆ ಅದು ತೋಳಿನ ಕೀಲಿನ ಸಡಿಲ, ಉದ್ದ ತೋಳಿಗೆ ಇದ್ದೇ ಇರುತ್ತೆ. ಟಿವಿ ಹಿಂದೆ ತಲೆಯ ಹತ್ರ ಮಟ್ಟ ಸರಿಮಾಡೋಕೆ ಎರಡು ಸಣ್ಣ ಸ್ಕ್ರೂ ಕೊಟ್ಟಿರ್ತಾರೆ, ಅಲೆನ್ ಕೀ ಹಾಕೋದು. ಪೂರ್ತಿ ಚಾಚಿ, ಮಟ್ಟಗೋಲಿಟ್ಟು, ಆ ಸ್ಥಿತಿಯಲ್ಲೇ ಬಿಗಿ ಮಾಡಿ.

ರಟ್ಟಿನ ವಾರ್ತೆಯವನನ್ನ ಬೆಂಕಿಗೆ ಹಾಕಬೇಡಿ ಮತ್ತೆ. ರಟ್ಟು ಉರಿಯುವಾಗ ತುಂಡು ತುಂಡಾಗಿ ಚಿಮಣಿಯೊಳಕ್ಕೆ ಹಾರುತ್ತೆ.

ಸೌದೆಒಟ್ಟು

ತಟ್ಟೆ ಅಲುಗಲ್ಲ. ಸ್ಕ್ರೂ ಸಿಕ್ತು, ಸರಿ ಆಯ್ತು. ವಾರ್ತೆಯವನು ಸುರಕ್ಷಿತವಾಗಿದ್ದಾನೆ, ತಮ್ಮನ ಕೋಣೆ ಬಾಗಿಲ ಮೇಲೆ.